ಒಂದೇ ಒಲೆ, ಏಳು ಸಂಸಾರದ ಚಾಪ್ಸು

ಬೇಸಿಗೆಯಲ್ಲಿ ಒಂದು ವಾರ ಬ್ರಾಡ್‌ಫರ್ಡ್ ಕಡೆಯ ಉಣ್ಣೆ ಗಿರಣಿಗಳಿಗೆ ಬೀಗ ಬೀಳುತ್ತಿತ್ತು. ಆ ವಾರ ಅಲ್ಲಿನ ಬೀದಿಗಳಲ್ಲಿ ಬೆಕ್ಕು ನಾಯಿ ಬಿಟ್ಟರೆ ಯಾರೂ ಉಳಿಯುತ್ತಿರಲಿಲ್ಲ. ಊರಿಗೆ ಊರೇ ರೈಲು ಹತ್ತಿ ಕಡಲ ದಂಡೆಯ ಮೋರ್ಕಂಬ್‌ಗೆ ಬಂದಿಳಿಯುತ್ತಿತ್ತು. ವರ್ಷವಿಡೀ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿ, ನೆರೆಹೊರೆಯವರ ಮುಖ ನೋಡಿ ನೋಡಿ ಸಾಕಾಗಿ, ಒಂದು ವಾರವಾದರೂ ತಪ್ಪಿಸಿಕೊಳ್ಳೋಣ ಎಂದು ಹೊರಟವರು ಇಲ್ಲಿಗೆ ಬಂದು ಅದೇ ನೆರೆಯವರ ಪಕ್ಕದಲ್ಲೇ ಮರಳಿನ ಮೇಲೆ ಕ್ಯಾನ್ವಾಸ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅದರಲ್ಲಿ ಅವರಿಗೇನೂ ವಿಚಿತ್ರ ಕಾಣುತ್ತಿರಲಿಲ್ಲ.

ಅಂಥ ಏಳು ಸಂಸಾರಗಳು ಇಪ್ಪತ್ತಾರು ವರ್ಷಗಳಿಂದ ಇಳಿದುಕೊಳ್ಳುತ್ತಿದ್ದದ್ದು ಅಡಾ ಥ್ರೆಲ್‌ಫಾಲ್ ಎಂಬ ವಿಧವೆಯ ಮನೆಯಲ್ಲಿ. ಕಡಲಿಗೆ ಬೆನ್ನು ಹಾಕಿ ನಿಂತ ಎರಡನೇ ಬೀದಿ, ಮೂರು ಅಂತಸ್ತು, ಒಂದೇ ಕಕ್ಕಸು. ಅಡಾಳ ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬೆಳಗಿನ ತಿಂಡಿ ಮುಗಿದ ಮೇಲೆ ಒಬ್ಬರೂ ಮನೆಯೊಳಗೆ ನಿಲ್ಲುವಂತಿಲ್ಲ, ಹೊರಗೆ ಮಳೆ ಹೊಯ್ಯುತ್ತಿದ್ದರೂ ಸರಿ. ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಗಂಟೆ ಬಾರಿಸಿದಾಗ ಒಳಗೆ ಬರಬೇಕು, ಕಾಲಿನ ಮರಳು ಮೆಟ್ಟಿಲಲ್ಲೇ ಉದುರಿರಬೇಕು. ಇಷ್ಟೆಲ್ಲ ಬೈಸಿಕೊಂಡರೂ ಹೊರಡುವ ದಿನ ಏಳು ಸಂಸಾರಗಳೂ ಮುಂದಿನ ವರ್ಷದ ಅದೇ ವಾರಕ್ಕೆ ಅದೇ ಕೋಣೆ ಹೇಳಿಟ್ಟೇ ಹೋಗುತ್ತಿದ್ದವು.

ಸಾವಿರದ ಒಂಬೈನೂರ ಐವತ್ತಾರರ ಹೊತ್ತಿಗೆ ಬೀದಿಯ ಉಳಿದ ಮನೆಗಳವರು ಕಾಲಕ್ಕೆ ತಕ್ಕ ಹಾಗೆ ಬದಲಾಗಿ, ತಾವೇ ಸಾಮಾನು ತಂದು ಎಲ್ಲರಿಗೂ ಒಂದೇ ಅಡುಗೆ ಮಾಡಿ ಹಾಕಲು ಶುರುಮಾಡಿದ್ದರು. ಅಡಾ ಮಾತ್ರ ಹಳೆಯ ಪದ್ಧತಿಗೇ ಜೋತುಬಿದ್ದಿದ್ದಳು. ಪದ್ಧತಿ ಏನೆಂದರೆ, ಬಂದವರು ತಮ್ಮ ತಮ್ಮ ಮಾಂಸ, ಮೀನು, ಆಲೂಗಡ್ಡೆ, ಬೆಣ್ಣೆ ತಾವೇ ಕೊಂಡು ತಂದು ಅಡುಗೆಮನೆಯಲ್ಲಿ ತಮ್ಮ ಹಲಗೆಯ ಮೇಲೆ ಇಡಬೇಕು. ಮನೆಯೊಡತಿ ಬೇಯಿಸಿ, ಅವರವರದ್ದನ್ನು ಅವರವರಿಗೇ ಬಡಿಸಬೇಕು. ಒಂದೇ ಒಲೆ, ಏಳು ಸಂಸಾರ. ಯಾರ ಚಾಪ್ಸು ಯಾರದ್ದು ಎಂದು ತಿಳಿಯುವುದು ಹೇಗೆ? ಗಿರಣಿಯವರಿಗೆ ಉಣ್ಣೆ ನೂಲಿಗೇನು ಬರ? ಸಂಸಾರಕ್ಕೊಂದು ಬಣ್ಣ. ಮೂಳೆಗೆ ಒಂದು ಸುತ್ತು ನೂಲು ಕಟ್ಟಿ ಇಟ್ಟರಾಯಿತು. ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ, ಓವನ್ನಿನಿಂದ ಹೊರಗೆ ಬಂದಾಗಲೂ ಕೆಂಪು ಕೆಂಪಾಗೇ, ಹಸಿರು ಹಸಿರಾಗೇ ಇರುತ್ತಿತ್ತು.

ಹೊರಗಿನವರಿಗೆ ಇದು ಹುಡುಗಾಟವಾಗಿ ಕಂಡೀತು. ಆದರೆ ವರ್ಷಪೂರ್ತಿ ದುಡಿದು ಒಂದು ವಾರ ಒಳ್ಳೆಯ ಮಾಂಸ ತಿನ್ನಲು ಬಂದವರಿಗೆ ತಮ್ಮ ಚಾಪ್ಸಿನ ಮೇಲೆ ಎಷ್ಟು ಅಭಿಮಾನ ಎಂದರೆ, ಮೂಲೆಮನೆಯೊಡತಿ ಯುದ್ಧಕ್ಕೆ ಮೊದಲು ಒಮ್ಮೆ ಒಬ್ಬರು ತಂದಿದ್ದ ಕುರಿಯ ಗುಂಡಿಗೆಯನ್ನು ಇನ್ನೊಬ್ಬರ ತಟ್ಟೆಗೆ ಹಾಕಿ, ಆ ಎರಡು ಸಂಸಾರಗಳು ಹನ್ನೊಂದು ವರ್ಷ ಮಾತು ಬಿಟ್ಟಿದ್ದವು. ಎರಡೂ ಒಂದೇ ಬೀದಿಯವು. ಇಪ್ಪತ್ತಾರು ವರ್ಷಗಳಲ್ಲಿ ಅಡಾಳ ಕೈಯಲ್ಲಿ ಒಂದೇ ಒಂದು ಆಲೂಗಡ್ಡೆಯೂ ಅದಲುಬದಲಾಗಿರಲಿಲ್ಲ. ಅವಳಿಗೆ ಮಕ್ಕಳಿಲ್ಲ, ಗಂಡ ಸತ್ತು ಹದಿನೈದು ವರ್ಷ. ಹೇಳಿಕೊಳ್ಳುವ ಹೆಮ್ಮೆ ಎಂದರೆ ಅದೊಂದೇ.

ಆ ಹೆಮ್ಮೆಗೆ ಎರಡು ವರ್ಷದ ಕೆಳಗೆ ಮಂಜು ಕವಿಯಿತು. ಮೊದಮೊದಲು ಅವಳು ಕಿಟಕಿಯ ಗಾಜನ್ನು ಬೈದಳು. ಕಡಲ ಗಾಳಿ, ಉಪ್ಪು ಹಿಡಿದಿದೆ ಎಂದು ದಿನಕ್ಕೆರಡು ಸಲ ಒರೆಸಿದಳು. ಆಮೇಲೆ ದೀಪವನ್ನು ಬೈದಳು. ಕೊನೆಗೆ ಬೈಯಲು ಬೇರೆ ಯಾರೂ ಸಿಗದೆ, ಮಂಜಿರುವುದು ತನ್ನ ಕಣ್ಣಲ್ಲೇ ಎಂದು ಒಪ್ಪಿಕೊಂಡಳು. ನೀಲಿಗೂ ಹಸಿರಿಗೂ ವ್ಯತ್ಯಾಸ ಹೋಯಿತು, ಆಮೇಲೆ ಕೆಂಪಿಗೂ ಕಂದಿಗೂ. ಎಲ್ಲ ನೂಲೂ ಆರಿದ ಚಹಾದ ಬಣ್ಣಕ್ಕೆ ತಿರುಗಿತು.

ಅವಳು ಯಾರಿಗೂ ಹೇಳಲಿಲ್ಲ. ಅವಳ ತಾಯಿ ಕಣ್ಣು ಹೋದ ಮೇಲೆ ಒಲೆಯ ಪಕ್ಕದ ಕುರ್ಚಿಯಲ್ಲಿ ಒಂಬತ್ತು ವರ್ಷ ಕೂತು, ಕೂತಲ್ಲೇ ಸತ್ತಿದ್ದಳು. ಅದನ್ನು ಅಡಾ ನೋಡಿದ್ದಳು. ಸುದ್ದಿ ಹೊರಬಿದ್ದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕುರುಡಿಯ ಅಡುಗೆಮನೆಗೆ ತಮ್ಮ ಮಾಂಸವನ್ನು ಯಾರು ಒಪ್ಪಿಸುತ್ತಾರೆ? ಏಳು ಸಂಸಾರಗಳು ಬೇರೆ ಮನೆ ನೋಡಿಕೊಳ್ಳುತ್ತವೆ. ಆ ವಾರ ಹೋದರೆ ಉಳಿದ ವಾರಗಳೂ ಹೋದ ಹಾಗೇ. ಆಮೇಲೆ ಒಲೆ ಪಕ್ಕದ ಕುರ್ಚಿ. ಅದಕ್ಕೇ ಅವಳು ಉಪಾಯ ಹೂಡಿದಳು. ಹಲಗೆಗಳ ಸಾಲಿನಲ್ಲೇ ಮಾಂಸ ತೆಗೆದು, ಅದೇ ಸಾಲಿನಲ್ಲೇ ತಟ್ಟೆಯಲ್ಲಿಟ್ಟು, ಅದೇ ಸಾಲಿನಲ್ಲೇ ಬಡಿಸುವುದು. ಎಡದಿಂದ ಮೊದಲನೆಯದು ಸಟ್‌ಕ್ಲಿಫ್ ಸಂಸಾರ, ಕೊನೆಯದು ಒಂಟಿ ಮುದುಕ ಅಕ್ರಾಯ್ಡ್. ಕಣ್ಣು ಮಾಡುತ್ತಿದ್ದ ಕೆಲಸವನ್ನು ಬೆರಳು, ಲೆಕ್ಕ, ನೆನಪು ಮಾಡಿದವು. ಹೋದ ಬೇಸಿಗೆ ಹೀಗೇ ದಾಟಿತು.

ಈ ಬೇಸಿಗೆಯ ಶನಿವಾರ ಏಳು ಸಂಸಾರಗಳು ಪೆಟ್ಟಿಗೆ ಹೊತ್ತು ಬಂದಾಗ ಅಡಾ ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೂ ದನಿಯಿಂದಲೇ ಗುರುತಿಸಿದಳು. ಎಲ್ಲರಿಗಿಂತ ಮುಂದೆ ಹ್ಯಾನಾ ಸಟ್‌ಕ್ಲಿಫ್. ಗಿರಣಿಯಲ್ಲಿ ನೇಯ್ದು ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ತಪ್ಪಿದ ಎಳೆ ಹುಡುಕಿ, ಸೂಜಿಯಿಂದ ತಿದ್ದುವುದು ಅವಳ ಕೆಲಸ. ಹಿಂದೆಯೇ ಅವಳ ಗಂಡ ವಿಲ್ಫ್, ಮಾತಿಗೆ ನಿಂತರೆ ರೈಲು ಬಿಟ್ಟುಹೋಗುವ ಆಸಾಮಿ.

"ಏನ್ ಯಜಮಾನ್ತಿ, ಇನ್ನೂ ಬದುಕಿದ್ದೀಯಾ? ಈ ವರ್ಷನಾದ್ರೂ ಆ ಹಾಸಿಗೆ ಸ್ಪ್ರಿಂಗ್ ರಿಪೇರಿ ಮಾಡಿಸಿದ್ಯೋ, ಇಲ್ಲಾ ನನ್ನ ಬೆನ್ನೇ ರಿಪೇರಿ ಮಾಡಿಸ್ಕೋಬೇಕೋ?"

"ನಿನ್ನ ಹೊಟ್ಟೆ ಕರಗಿಸು, ಸ್ಪ್ರಿಂಗ್ ತಾನಾಗೇ ಸರಿಹೋಗುತ್ತೆ. ಕಾಲು ಒರೆಸ್ಕೊಂಡು ಬಾ."

"ಬೈಸ್ಕೊಂಡಾಯ್ತು, ಬಂದ್ವಪ್ಪಾ ಊರಿಗೆ," ಎಂದ ವಿಲ್ಫ್. ಎಲ್ಲರೂ ನಕ್ಕರು. ಅಡಾಳಿಗೆ ಆ ನಗು ಕೇಳಿ ಹೊಟ್ಟೆ ತುಂಬಿದಷ್ಟು ಸಮಾಧಾನವಾಯಿತು. ಹ್ಯಾನಾ ಮಾತ್ರ ಅವಳ ಕೈಯನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹಿಡಿದುಕೊಂಡು ನಿಂತಿದ್ದಳು.

ಸೋಮವಾರ ಎಡವಟ್ಟಾಯಿತು. ಎಲ್ಲರೂ ಮಾಂಸ ತಂದಿಟ್ಟು ಕಡಲಿಗೆ ಹೋಗಿದ್ದರು. ಅಡಾ ಹಲಗೆಯ ಸಾಲಿನಲ್ಲೇ ಎಲ್ಲವನ್ನೂ ದೊಡ್ಡ ತಗಡಿನ ತಟ್ಟೆಗೆ ಜೋಡಿಸಿ ಓವನ್ನಿನ ಕಡೆ ತಿರುಗಿದಳು. ಯಾರೋ ಹಿಂಬಾಗಿಲು ತಟ್ಟಿದರು. ಹಾಲಿನವನು. ಅಡಾ ಬೆಚ್ಚಿ ತಿರುಗಿದ ರಭಸಕ್ಕೆ ತಟ್ಟೆಯ ಅಂಚು ಕುರ್ಚಿಗೆ ಬಡಿದು ಹದಿನೇಳು ಚಾಪ್ಸುಗಳೂ ನೆಲಕ್ಕೆ ಬಿದ್ದವು.

ಹಾಲಿನವನನ್ನು ಓಡಿಸಿ ಅವಳು ಮಂಡಿಯೂರಿದಳು. ಒಂದೊಂದನ್ನೂ ತಡವಿ ಹೆಕ್ಕಿದಳು, ನಲ್ಲಿಯ ಕೆಳಗೆ ತೊಳೆದಳು. (ಅತಿಥಿಗಳಿಗೆ ಇದು ಇವತ್ತಿಗೂ ಗೊತ್ತಿಲ್ಲ, ನೀವೂ ಹೇಳಬೇಡಿ.) ನೂಲು ಬೆರಳಿಗೆ ಸಿಕ್ಕುತ್ತಿತ್ತು, ಬಣ್ಣ ಸಿಕ್ಕುತ್ತಿರಲಿಲ್ಲ. ಕಿಟಕಿಗೆ ಹಿಡಿದು ನೋಡಿದಳು, ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಿದಳು. ಎಲ್ಲವೂ ಆರಿದ ಚಹಾ. ಕೊನೆಗೆ ಮಾಂಸವನ್ನೇ ಕೈಯಲ್ಲಿ ತೂಗಿ ಹೇಳೋಣವೆಂದರೆ, ದಪ್ಪವೂ ಅದೇ, ಉದ್ದವೂ ಅದೇ, ಎಲ್ಲವೂ ಒಂದೇ ಕುರಿಯ ಒಂದೇ ಪಕ್ಕದಿಂದ ಕತ್ತರಿಸಿದ ಹಾಗಿದ್ದವು. ಡಕ್‌ವರ್ತ್‌ನ ಮಾಂಸದಂಗಡಿಯಲ್ಲಿ ಇವತ್ತು ಇದೊಂದೇ ಇತ್ತೇನೋ ಎಂದುಕೊಂಡಳು. ಹೆಚ್ಚು ಯೋಚಿಸಲು ಹೊತ್ತಿರಲಿಲ್ಲ.

ಹನ್ನೆರಡೂವರೆಗೆ ಗಂಟೆ ಬಾರಿಸಿ, ದೇವರ ಮೇಲೆ ಭಾರ ಹಾಕಿ, ತಲೆಯೆಣಿಸಿ ಬಡಿಸಿದಳು. ಬಡಿಸಿ ಬಂದು ಅಡುಗೆಮನೆಯ ಬಾಗಿಲಿಗೆ ಕಿವಿಯಿಟ್ಟು ನಿಂತಳು. ಈಗ ಯಾರೋ ಕುರ್ಚಿ ಹಿಂದಕ್ಕೆ ತಳ್ಳುತ್ತಾರೆ. ಈಗ ಯಾರೋ "ಇದು ನಮ್ಮದಲ್ಲ" ಅನ್ನುತ್ತಾರೆ. ಇಪ್ಪತ್ತಾರು ವರ್ಷ ಮಣ್ಣುಪಾಲು.

ಚಾಕು ಫೋರ್ಕಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಆಮೇಲೆ ಅಕ್ರಾಯ್ಡ್‌ರ ಗಂಟಲು ಸರಿಮಾಡಿಕೊಂಡ ಸದ್ದು. "ಚಾಪ್ಸ್ ಚೆನ್ನಾಗಿದೆ, ಮಿಸೆಸ್ ಥ್ರೆಲ್‌ಫಾಲ್."

ಅಡಾ ಖಾಲಿ ತಗಡಿನ ತಟ್ಟೆಯನ್ನು ಎತ್ತಿ ನಲ್ಲಿಯ ಕೆಳಗಿಟ್ಟಳು. ಅದೃಷ್ಟ, ಬರೀ ಅದೃಷ್ಟ ಎಂದುಕೊಂಡಳು. ಸಂಜೆಯ ಹೊತ್ತಿಗೆ ಅದೃಷ್ಟವಲ್ಲ, ಕೈಗುಣ ಎಂದು ಅನ್ನಿಸತೊಡಗಿತು. ಮನುಷ್ಯರ ಜಂಬ ಎಷ್ಟು ಬೇಗ ಎದ್ದು ಕೂರುತ್ತದೆ ನೋಡಿ.

ಬುಧವಾರ ಬೆಳಿಗ್ಗೆ ತನಗೊಂದಿಷ್ಟು ಕುರಿಯ ಈಲಿ ಬೇಕೆಂದು ಅವಳು ಡಕ್‌ವರ್ತ್‌ನ ಮಾಂಸದಂಗಡಿಗೆ ಹೋದಳು. ಹೆಜ್ಜೆ ಎಣಿಸಿಕೊಂಡು ಹೋಗುವ ದಾರಿ, ನೂರ ನಲವತ್ತು. ಡಕ್‌ವರ್ತ್ ಅವಳ ಕಣ್ಣೆದುರೇ ಬೆಳೆದ ಹುಡುಗ. ಈಗ ಅವನಿಗೇ ನಲವತ್ತಾಗಿ ಅಪ್ಪನ ಅಂಗಡಿ ಹಿಡಿದಿದ್ದ.

"ನೋಡಮ್ಮಾ, ನಿನ್ನ ಮನೆ ಗಿರಾಕಿಗಳಿಂದ ನನಗೆ ಸಾಕಾಗ್ಹೋಯ್ತು," ಎಂದ ಅವನು ಈಲಿ ಕತ್ತರಿಸುತ್ತಾ.

"ಯಾಕೆ, ಏನ್ ಮಾಡಿದ್ರು?"

"ಏನ್ ಮಾಡಿದ್ರು! ಪಟಾಲಂ ಥರ ಸಾಲಾಗಿ ಬರ್ತಾರೆ. ಮುಂದೆ ಆ ಹೆಂಗಸು, ಹ್ಯಾನಾ. ಬೆರಳಲ್ಲಿ ಅಳತೆ ತೋರಿಸ್ತಾಳೆ, ಇಷ್ಟೇ ದಪ್ಪ, ಇದೇ ಕಡೇದು. ಹಿಂದಿನವ್ರೆಲ್ಲಾ 'ನನಗೂ ಅವಳದ್ದೇ ಥರದ್ದು, ನನಗೂ ಅವಳದ್ದೇ ಥರದ್ದು.' ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದ್ರೆ ವಾಪಸ್ ಕೊಡ್ತಾರೆ. ಹೋದ್ ವರ್ಷಾನೂ ಇದೇ ಕಥೆ. ನಾನೇನು ಚಾಪ್ಸ್ ಮಾರ್ತಿದ್ದೀನೋ, ಸೈನ್ಯಕ್ಕೆ ಗುಂಡಿ ಹೊಲೀತಿದ್ದೀನೋ?"

ಅಡಾ ಪರ್ಸಿನಲ್ಲಿ ಕಾಸು ತಡಕುವುದನ್ನು ನಿಲ್ಲಿಸಿದಳು.

"ಆ ಮುದುಕಪ್ಪ ಇದಾರಲ್ಲ, ಅಕ್ರಾಯ್ಡು," ಡಕ್‌ವರ್ತ್ ನಿಲ್ಲಿಸಲಿಲ್ಲ, "ಅವ್ರು ನಮ್ಮಪ್ಪನ ಕಾಲದಲ್ಲಿ ಈ ಅಂಗಡಿ ಮೆಟ್ಟಿಲು ಹತ್ತಿದವ್ರಲ್ಲ. ಹೊಟ್ಟೆಗೆ ಆಗಲ್ಲ ಅಂತ ಎದುರುಗಡೆ ಮೀನಿನ ಅಂಗಡೀಗೇ ಹೋಗೋರು. ಈಗ ಅವ್ರೂ ಸಾಲಲ್ಲಿ ನಿಂತ್ಕೊಂಡು ಚಾಪ್ಸ್ ಕೇಳ್ತಾರೆ. ಮುಖ ನೋಡಿದ್ರೆ ಔಷಧಿ ಕುಡಿಯೋಕೆ ಬಂದವ್ರ ಥರ ಇರುತ್ತೆ."

ಈಲಿಯ ಪೊಟ್ಟಣ ಹಿಡಿದು ಅವಳು ಹೊರಗೆ ಬಂದಳು. ಮನೆಯ ಕಡೆ ತಿರುಗಬೇಕಾದವಳು ಕಡಲ ಕಡೆ ನಡೆದಳು. ಈ ಊರಿನಲ್ಲಿ ಹುಟ್ಟಿ ಅರವತ್ತೊಂದು ವರ್ಷವಾದರೂ, ಬೇಸಿಗೆಯ ದಿನ ದಂಡೆಯ ಬೆಂಚಿನ ಮೇಲೆ ಅವಳು ಕೂತದ್ದಿಲ್ಲ. ಅದು ಬಂದವರು ಕೂರುವ ಜಾಗ. ಅವತ್ತು ಕೂತಳು. ಇಳಿತದ ಹೊತ್ತು, ಕಡಲು ದೂರ ಸರಿದಿತ್ತು. ಮಕ್ಕಳ ಕೂಗು ಕೇಳುತ್ತಿತ್ತು, ಬೇಯಿಸಿದ ಸೀಗಡಿಯ ವಾಸನೆ ಬರುತ್ತಿತ್ತು, ಮುಂದೆ ಮಾತ್ರ ಬೂದು ಬಣ್ಣದ ಒಂದು ಪರದೆ.

ಹೋದ ವರ್ಷ ಎಲ್ಲರಿಗೂ ಒಟ್ಟಿಗೇ ದಿನವೂ ಚಾಪ್ಸಿನ ಆಸೆ ಹುಟ್ಟಿದಾಗ ಅವಳು ಮನಸ್ಸಿನಲ್ಲೇ ನಕ್ಕಿದ್ದಳು. ಗಿರಣಿಯವರ ನಾಲಿಗೆಯೂ ಒಂದೇ ಸೀಟಿಗೆ ಏಳುತ್ತದೆ ಎಂದುಕೊಂಡಿದ್ದಳು. ಅಕ್ರಾಯ್ಡ್ ಮೀನು ಬಿಟ್ಟು ಮಾಂಸ ತಿನ್ನತೊಡಗಿದಾಗ, ನಮ್ಮೂರಿನ ಗಾಳಿಗೆ ಅವರ ಹೊಟ್ಟೆ ಸರಿಹೋಯಿತು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಈಗ ಎಲ್ಲ ಅರ್ಥವಾಯಿತು. ಎಲ್ಲರ ಮಾಂಸವೂ ಒಂದೇ ಆದರೆ, ಯಾರದ್ದು ಯಾರ ತಟ್ಟೆಗೆ ಬಿದ್ದರೂ ತಪ್ಪಾಗುವುದಿಲ್ಲ. ಅವರು ಅವಳಿಗೆ ತಪ್ಪು ಮಾಡಲು ಜಾಗವನ್ನೇ ಉಳಿಸಿರಲಿಲ್ಲ. ಅವಳಿಗೆ ಮೊದಲು ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಸಿಟ್ಟೇ ಅವಳಿಗೆ ಹೆಚ್ಚು ಅಭ್ಯಾಸವಾದದ್ದು, ಹಾಗಾಗಿ ಅದನ್ನೇ ಹಿಡಿದುಕೊಂಡು ಎದ್ದಳು.

ಸಂಜೆ ಐದಕ್ಕೆ ಎಲ್ಲರೂ ಚಹಾಕ್ಕೆ ಕೂತಿದ್ದರು. ಅಡಾ ಊಟದ ಕೋಣೆಯ ನಡುವೆ ಬಂದು ನಿಂತಳು. ಕೈಯಲ್ಲಿ ಟೀಪಾಟ್ ಇರಲಿಲ್ಲ. ಅದನ್ನು ನೋಡಿಯೇ ಮಾತು ನಿಂತಿತು.

"ಯಾರು ಶುರು ಮಾಡಿದ್ದು ಈ ನಾಟಕಾನ?"

ಯಾರೋ ಕುರ್ಚಿ ಸರಿಸಿದರು.

"ಡಕ್‌ವರ್ತ್ ಬಾಯಿಬಿಟ್ಟ. ಎರಡು ವರ್ಷದಿಂದ ಎಲ್ಲರಿಗೂ ಒಂದೇ ಅಳತೆ ಚಾಪ್ಸು. ಈ ಮುದುಕಿಗೆ ಗೊತ್ತಾಗಲ್ಲ ಅಂತ ಅಲ್ವಾ? ಮರುಕ ಪಡೋದಕ್ಕೆ ನಾನೇ ಸಿಕ್ಕಿದ್ದಾ ನಿಮಗೆ?"

"ನಾನೇ ಶುರು ಮಾಡಿದ್ದು," ಎಂದಳು ಹ್ಯಾನಾ. "ಕೂಗಾಡ್ಬೇಡ ಕಣೇ, ಕೂತ್ಕೋ."

"ಇದು ನನ್ನ ಮನೆ. ನಿಂತೇ ಇರ್ತೀನಿ."

"ನಿಂತ್ಕೋ ಹಾಗಾದ್ರೆ. ಎರಡು ವರ್ಷದ ಕೆಳಗೆ ನೀನು ನನ್ನ ಮುಂದೆ ಕಪ್ಪು ಇಟ್ಟೆ. ಇಡೋಕ್ ಮುಂಚೆ ಇನ್ನೊಂದು ಕೈಯಲ್ಲಿ ಮೇಜಿನ ಅಂಚು ತಡಕಿದೆ. ನಾನು ಮೂವತ್ತು ವರ್ಷದಿಂದ ಬಟ್ಟೇಲಿ ತಪ್ಪಿದ ಎಳೆ ಹುಡುಕ್ತಾ ಇದೀನಿ, ಅಡಾ. ನಿನ್ನ ಕೈ ನನ್ನ ಕಣ್ಣು ತಪ್ಪಿಸೋಕಾಗುತ್ತಾ? ಅವತ್ತು ಸಂಜೇನೇ ಇವರಿಗೆಲ್ಲ ಹೇಳ್ದೆ."

"ನನಗೆ ಹೇಳ್ಬೇಕು ಅನ್ಸಿಲ್ವಾ?"

"ಹೇಳಿದ್ರೆ ನೀನು ಅವತ್ತೇ ಬಾಗಿಲು ಹಾಕ್ಕೊಂಡ್ಬಿಡ್ತಿದ್ದೆ. ನಿನ್ನ ಬುದ್ಧಿ ನಮಗೆ ಗೊತ್ತಿಲ್ವಾ? ಆಮೇಲೆ ನಾವೆಲ್ಲಿಗೆ ಹೋಗ್ಬೇಕಿತ್ತು, ಹೇಳು. ವಿಲ್ಫ್ ಯುದ್ಧದಿಂದ ವಾಪಸ್ ಬಂದಾಗ ಮೊದಲು ನಕ್ಕಿದ್ದು ಈ ಕೋಣೇಲಿ. ನನ್ನ ಮಗಳು ಮೊದಲ ಹೆಜ್ಜೆ ಇಟ್ಟಿದ್ದು ನಿನ್ನ ಮೆಟ್ಟಿಲಲ್ಲಿ. ನಮಗೆ ವರ್ಷಕ್ಕೆ ಇರೋದೇ ಒಂದು ವಾರ. ಅದನ್ನ ಬೇರೆ ಯಾರ ಮನೇಲಿ ಕಳೀಬೇಕು?"

ಅಡಾಳ ಸಿಟ್ಟು ಇಳಿಯಿತು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನನಗೆ ಕಾಣಲ್ಲ," ಎಂದಳು. ಎರಡು ವರ್ಷದಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. "ನಿಮ್ಮ ಯಾರ ಮುಖಾನೂ ನನಗೆ ಕಾಣಲ್ಲ."

"ಗೊತ್ತು," ಎಂದಳು ಹ್ಯಾನಾ ಮೆಲ್ಲಗೆ. "ಅದು ಪೊರೆ ಕಣೇ. ನಮ್ಮ ಗಿರಣೀಲಿ ಇಬ್ಬರಿಗೆ ತೆಗೆಸಿದ್ರು. ಈಗ ಅದಕ್ಕೆ ಒಂದು ಕಾಸೂ ಕೊಡೋ ಹಾಗಿಲ್ಲ, ಸರ್ಕಾರವೇ ನೋಡ್ಕೊಳ್ಳುತ್ತೆ. ಇಬ್ರೂ ವಾಪಸ್ ಬಂದು ಕೆಲಸ ಮಾಡ್ತಿದಾರೆ."

"ಕೆಟ್ಟುಹೋದ್ರೆ? ಈಗ ಬೆಳಕಾದ್ರೂ ಕಾಣುತ್ತೆ. ಅದೂ ಹೋದ್ರೆ?" ತಾಯಿಯ ಕುರ್ಚಿ ಅವಳ ಮನಸ್ಸಿನಿಂದ ಆಚೆ ಹೋಗುತ್ತಿರಲಿಲ್ಲ.

ಆಗ ಕೊನೆಯ ಮೇಜಿನಿಂದ ಅಕ್ರಾಯ್ಡ್ ಎದ್ದು ನಿಂತರು. ಎಪ್ಪತ್ತು ದಾಟಿದ, ಯಾರ ಗೊಡವೆಗೂ ಹೋಗದ, ಇಪ್ಪತ್ತಾರು ವರ್ಷದಲ್ಲಿ ಇಪ್ಪತ್ತಾರು ಮಾತನಾಡದ ಮನುಷ್ಯ.

"ಮಿಸೆಸ್ ಥ್ರೆಲ್‌ಫಾಲ್, ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನಗೆ ಕುರಿಮಾಂಸ ಕಂಡ್ರಾಗಲ್ಲ."

ಎಲ್ಲರೂ ಅವರ ಕಡೆ ತಿರುಗಿದರು.

"ಹೋದ್ ವರ್ಷ ಆರು ದಿನ ತಿಂದೆ, ಈ ವರ್ಷ ಮೂರು ದಿನ ಆಯ್ತು. ಪ್ರತಿ ಸಂಜೆ ಎರಡು ಚಮಚ ಸೋಡಾಪುಡಿ ಕುಡೀತೀನಿ. ಹಾಗಂತ ನಾನು ಬೇರೆ ಮನೆಗೆ ಹೋಗಲ್ಲ. ನೀವು ಕಣ್ಣು ತೋರಿಸ್ಲಿಲ್ಲ ಅಂದ್ರೆ ಮುಂದಿನ ವರ್ಷಾನೂ ಬರ್ತೀನಿ, ಅದನ್ನೇ ತಿಂತೀನಿ. ಎಷ್ಟು ವರ್ಷ ತಡ್ಕೋತೀನೋ ಗೊತ್ತಿಲ್ಲ. ದಯವಿಟ್ಟು ನನ್ನ ಹೊಟ್ಟೆ ಮೇಲೆ ಕರುಣೆ ಇಟ್ಟಾದ್ರೂ ಡಾಕ್ಟರ ಹತ್ರ ಹೋಗಿ."

ವಿಲ್ಫ್‌ನ ಬಾಯಿಂದ ಚಹಾ ಚಿಮ್ಮಿತು. ಹ್ಯಾನಾ ನಕ್ಕಳು, ಕೋಣೆಗೆ ಕೋಣೆಯೇ ನಕ್ಕಿತು. ಅಡಾ ಬೈಯಲೆಂದು ಬಾಯಿ ತೆರೆದವಳು ನಕ್ಕುಬಿಟ್ಟಳು, ನಗುತ್ತಲೇ ಅಳತೊಡಗಿದಳು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. "ಹೋಗ್ತೀನಿ," ಎಂದಳು ಏಪ್ರನ್ನಿನ ಒಳಗಿಂದಲೇ. "ಹೋಗ್ತೀನಿ ಕಣ್ರೋ. ಈಗ ಚಹಾ ಕುಡೀರಿ, ಆರಿಹೋಗುತ್ತೆ." ಚಹಾ ಇನ್ನೂ ಅಡುಗೆಮನೆಯಲ್ಲೇ ಇದೆ ಎಂದು ಯಾರೋ ನೆನಪಿಸಬೇಕಾಯಿತು. ವಿಲ್ಫ್ ಕುಡಿಯುತ್ತಿದ್ದದ್ದು ಅವನೇ ಹೊರಗಿನಿಂದ ಫ್ಲಾಸ್ಕಿನಲ್ಲಿ ಕದ್ದುಮುಚ್ಚಿ ತಂದದ್ದು. ಅದಕ್ಕೂ ಬೈಸಿಕೊಂಡ.

ಅಕ್ಟೋಬರಿನಲ್ಲಿ ಲ್ಯಾಂಕಾಸ್ಟರಿನ ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆದರು. ತಲೆಯ ಎರಡೂ ಪಕ್ಕಕ್ಕೆ ಮರಳಿನ ಚೀಲ ಒತ್ತಿ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಹತ್ತು ದಿನ ಅಲುಗದೆ ಮಲಗಿಸಿದರು. ಒಂದು ಗಳಿಗೆ ಸುಮ್ಮನೆ ಕೂತು ಗೊತ್ತಿಲ್ಲದ ಹೆಂಗಸು ಹತ್ತು ದಿನ ಹೇಗೆ ಮಲಗಿದಳು ಎಂದು ಅವಳಿಗೇ ಗೊತ್ತಿಲ್ಲ. ಹೆದರಿಕೆಯಾದಾಗಲೆಲ್ಲ ಏಳು ಸಂಸಾರಗಳ ಹೆಸರನ್ನು, ಮಕ್ಕಳು ಮರಿ ಸಮೇತ, ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳಂತೆ. ಚರ್ಚಿನ ಪ್ರಾರ್ಥನೆಗಿಂತ ಅದೇ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಆಮೇಲೆ ಕಣ್ಣು ಮಾಗುವವರೆಗೆ ಅದೇ ಊರಿನಲ್ಲಿದ್ದ ನಾದಿನಿಯ ಮನೆಯಲ್ಲಿ ಉಳಿದಳು. ನವೆಂಬರಿನ ಕೊನೆಯಲ್ಲಿ ಕನ್ನಡಕ ಬಂತು, ಗೋಲಿಸೋಡಾ ಬಾಟಲಿಯ ತಳದಷ್ಟು ದಪ್ಪ. ಹಾಕಿಕೊಂಡು ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರ ಓದಿದಳು. ಡಾಕ್ಟರು ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ಎರಡು ಸಲ ಹೇಳಿ ಕಳುಹಿಸಿದರು.

ಅವಳನ್ನು ಮನೆಗೆ ಕರೆದುಕೊಂಡು ಹೋಗಲು ಆ ವಾರದ ಶನಿವಾರ ಬೆಳಿಗ್ಗೆ ಮೂವರು ನಾದಿನಿಯ ಮನೆಗೆ ಬಂದಿದ್ದರು. ಹ್ಯಾನಾ, ವಿಲ್ಫ್, ಅಕ್ರಾಯ್ಡ್. ನವೆಂಬರಿನಲ್ಲಿ ಮೋರ್ಕಂಬ್‌ಗೆ ಯಾರೂ ಬರುವುದಿಲ್ಲ. ದಂಡೆಯ ಅಂಗಡಿಗಳಿಗೆಲ್ಲ ಹಲಗೆ ಬಡಿದಿರುತ್ತದೆ, ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಇವರು ಎರಡು ರೈಲು ಬದಲಾಯಿಸಿ, ಕಡಲಿನ ಕಡೆ ತಿರುಗಿಯೂ ನೋಡದೆ, ಅವಳೊಬ್ಬಳಿಗಾಗಿ ಬಂದಿದ್ದರು.

ಮನೆಯ ಬಾಗಿಲು ತೆಗೆದು ಅಡಾ ನೇರ ಅಡುಗೆಮನೆಗೆ ನಡೆದಳು. ಹೊಸ್ತಿಲಲ್ಲೇ ನಿಂತುಬಿಟ್ಟಳು.

ಒಲೆಯ ಹಿಂದಿನ ಗೋಡೆ ಜಿಡ್ಡು ಹಿಡಿದು ಕಪ್ಪಾಗಿತ್ತು. ಮೂಲೆಗಳಲ್ಲಿ ಜೇಡರ ಬಲೆ. ಸಾಲಾಗಿ ತೂಗುಹಾಕಿದ ಕಪ್ಪುಗಳ ಒಳಗೆ ಚಹಾದ ಕಂದು ಉಂಗುರಗಳು. ಊಟದ ಕೋಣೆಯ ಬಿಳಿ ಮೇಜುಬಟ್ಟೆ ಎಂದು ಅವಳು ಹೆಮ್ಮೆಯಿಂದ ಹಾಸುತ್ತಿದ್ದದ್ದರ ಮೇಲೆ ಎರಡು ಬೇಸಿಗೆಯ ಸಾರು. ಯಾವ ಮನೆಯ ಮೆಟ್ಟಿಲಲ್ಲಿ ಒಂದು ಹರಳು ಮರಳು ಬಿದ್ದರೂ ರಾದ್ಧಾಂತವಾಗುತ್ತಿತ್ತೋ, ಅದು ಈ ಮನೆ.

"ಈ ಕಪ್ಪಲ್ಲಿ ನಿಮಗೆ ಚಹಾ ಕೊಟ್ನಾ?" ಅವಳ ದನಿ ಪಿಸುಮಾತಾಗಿತ್ತು.

"ಕೊಟ್ಟೆ," ಎಂದಳು ಹ್ಯಾನಾ.

"ಈ ತಟ್ಟೇಲಿ ಊಟ ಮಾಡಿದ್ರಾ? ಒಬ್ರಾದ್ರೂ ಒಂದು ಮಾತು..."

"ವಿಲ್ಫ್ ಮೇಜಿನ ಕೆಳಗೆ ಕರ್ಚೀಫಲ್ಲಿ ಒರೆಸ್ತಿದ್ದ. ಅದೇನು ದೊಡ್ಡ ವಿಷಯ ಬಿಡು, ಯಾರೂ ಸತ್ತಿಲ್ವಲ್ಲ."

"ಕಾಲು ಒರೆಸ್ಕೊಂಡು ಬಾ ಅಂತ ನಿಮ್ಮನ್ನ ಬೈತಿದ್ದೆನಲ್ಲೇ!"

"ಬೈತಿದ್ದೆ. ನಾವೂ ಒರೆಸ್ಕೋತಿದ್ವಿ."

ಅಡಾ ಬಕೇಟಿಗೆ ಬಗ್ಗಲು ಹೋದಳು. ಹ್ಯಾನಾ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. ಡಾಕ್ಟರ ಮಾತನ್ನು ನೆನಪಿಸಿ, ಊಟದ ಕೋಣೆಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದಳು. ಅತಿಥಿಗಳ ಕುರ್ಚಿಯಲ್ಲಿ ಅಡಾ ಕೂತದ್ದು ಅದೇ ಮೊದಲು. ಎದುರಿಗೆ ಕಿಟಕಿಯ ಬೆಳಕಿನಲ್ಲಿ ಮೂವರೂ ಕೋಟು ಬಿಚ್ಚಿ ತೋಳು ಮಡಚಿಕೊಳ್ಳುತ್ತಿದ್ದರು. ಅವಳು ಅವರ ಮುಖಗಳನ್ನು ನೋಡಿದಳು. ಹ್ಯಾನಾಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ವಿಲ್ಫ್‌ನ ಕೆನ್ನೆ ಜೋತಿತ್ತು, ಹುಬ್ಬಿನ ಪಕ್ಕ ಅವಳು ಹಿಂದೆ ಕಾಣದಿದ್ದ ಒಂದು ಗಾಯದ ಗುರುತು. ಅಕ್ರಾಯ್ಡ್ ಕಡ್ಡಿಯ ಹಾಗೆ ಸಣ್ಣಗಾಗಿದ್ದರು, ಅವರ ಕೊರಳಪಟ್ಟಿಯಲ್ಲಿ ಎರಡು ಬೆರಳು ಹೋಗುವಷ್ಟು ಜಾಗವಿತ್ತು.

"ಯಾವಾಗ್ರೋ ನೀವೆಲ್ಲ ಇಷ್ಟು ಮುದುಕರಾದ್ರಿ?"

"ನೀನು ನೋಡ್ದೇ ಇದ್ದಾಗ," ಎಂದ ವಿಲ್ಫ್.

ಇಪ್ಪತ್ತಾರು ವರ್ಷದಿಂದ ಈ ಕೋಣೆಯಲ್ಲಿ ಇವರೇ ಅವಳಿಗೆ ಉಪಕಾರವಾಯಿತೆಂದು ಹೇಳಿ ಹೋಗುತ್ತಿದ್ದವರು. ಅವಳು "ಸರಿ ಸರಿ, ರೈಲಿಗೆ ಹೊತ್ತಾಯಿತು" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. "ನಿಮ್ಮಿಂದ ತುಂಬಾ ಉಪಕಾರ ಆಯ್ತು," ಎಂದಳು ಈಗ. ಅಭ್ಯಾಸವಿಲ್ಲದ ಮಾತು. "ನೀವಿಲ್ದೇ ಇದ್ರೆ ನಾನು ಏನಾಗ್ತಿದ್ನೋ."

"ಸರಿ ಸರಿ," ಎಂದಳು ಹ್ಯಾನಾ, ಬಕೇಟು ಎತ್ತಿಕೊಳ್ಳುತ್ತಾ.

ಮೂವರೂ ಉಜ್ಜತೊಡಗಿದರು. ಅಕ್ರಾಯ್ಡ್ ಕಪ್ಪುಗಳಿಗೆ ಕೂತರು. ವಿಲ್ಫ್ ಏಣಿ ಹತ್ತಿ ಜೇಡರ ಬಲೆ ಹೊಡೆದ. ಅಡಾ ಸ್ವಲ್ಪ ಹೊತ್ತು ತಡೆದುಕೊಂಡು ಕೂತಿದ್ದಳು. ಆಮೇಲೆ ಆಗಲಿಲ್ಲ.

"ವಿಲ್ಫ್, ಬಲಗಡೆ ಮೂಲೇಲಿ ಇನ್ನೊಂದು ಬಿಟ್ಟಿದ್ದೀಯ. ಅಲ್ಲಲ್ಲ, ಇನ್ನೂ ಮೇಲೆ. ಬಾಗಿಲ ಹತ್ರಾನೂ ಒಂದಿದೆ."

ವಿಲ್ಫ್ ಏಣಿಯ ಮೇಲೆ ನಿಂತು ಪೊರಕೆ ಇಳಿಸಿದ. "ಇವಳಿಗೆ ಕಣ್ಣು ಬಂತಪ್ಪಾ, ನಮ್ಮ ಕಥೆ ಮುಗೀತು," ಎಂದ. "ಇನ್ನೊಂದು ಕಣ್ಣಿಗೆ ಮಾತ್ರ ಮಾಡಿಸ್ಬೇಡ ತಾಯಿ, ಬದುಕೋಕಾಗಲ್ಲ."

ಅಡಾ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ತುಂಬಿ ಕನ್ನಡಕ ಮಸುಕಾಯಿತು. ಒರೆಸಲೆಂದು ಅದನ್ನು ತೆಗೆದಳು. ತೆಗೆದ ಕೂಡಲೇ ಮೂವರೂ ಮಂಜಿನೊಳಗೆ ಹೋಗಿಬಿಟ್ಟರು, ಬರೀ ದನಿ ಉಳಿಯಿತು. ಅವಳು ಅದನ್ನು ಸರಿಯಾಗಿ ಒರೆಸುವವರೆಗೂ ತಾಳಲಿಲ್ಲ. ಒದ್ದೆ ಕನ್ನಡಕವನ್ನೇ ಅವಸರದಲ್ಲಿ ಮತ್ತೆ ಮೂಗಿಗೇರಿಸಿದಳು, ಅವರನ್ನು ನೋಡಿ ಅವಳಿಗೆ ಇನ್ನೂ ಸಾಕಾಗಿರಲಿಲ್ಲ.